ಯೂಮಾ ಬಿಡುವ ವಾರ: ಮನೆಯನ್ನೇ ಎಳೆದುಕೊಂಡು ಊರಿಗೆ ಹೊರಡುವುದು ಹೇಗೆ

ಮಾರ್ಚ್ ಮೂರನೇ ವಾರ ಬಂತು ಅಂದರೆ ಅರಿಜೋನಾದ ಯೂಮಾದಲ್ಲಿ ಆರ್‌ವಿ, ಅಂದರೆ ಚಕ್ರದ ಮೇಲಿನ ಮನೆಗಳು, ನಿಲ್ಲುವ ಪಾರ್ಕುಗಳ ಸದ್ದೇ ಬದಲಾಗುತ್ತದೆ. ಬೆಳಗ್ಗೆ ಏಳಕ್ಕೇ ಯಾರದೋ ಪಿಕಪ್‌ನ ಡೀಸೆಲ್ ಎಂಜಿನ್ ಗುಡುಗುಡು. ಆಮೇಲೆ ಯಾರದೋ ಸ್ಲೈಡ್, ಅಂದರೆ ನಿಂತಾಗ ಹೊರಗೆ ಚಾಚುವ ಕೋಣೆಯ ಭಾಗ, ಒಳಗೆ ಹೋಗುವ ಗುಂಯ್ ಅನ್ನುವ ಶಬ್ದ. ತಿಂಡಿ ಮುಗಿಸಿ ಹೊರಗೆ ಬಂದು ನೋಡಿದರೆ ಐದು ತಿಂಗಳು ಪಕ್ಕದಲ್ಲೇ ಇದ್ದ ಮನೆ ಮಾಯ. ಜಲ್ಲಿಯ ಮೇಲೆ ನಾಲ್ಕು ಹಲಗೆಯ ಗುರುತು, ಒಂದು ಮರೆತ ಚಪ್ಪಲಿ, ಅಷ್ಟೇ.

ನಾವಿಬ್ಬರೂ ಆರು ಚಳಿಗಾಲದಿಂದ ಇದೇ ಕೆಲಸ ಮಾಡುತ್ತಿದ್ದೇವೆ. ಮಿಷಿಗನ್‌ನಲ್ಲಿ ಮನೆ, ಅಕ್ಟೋಬರ್ ಕೊನೆಗೆ ಅಲ್ಲಿಂದ ಹೊರಟು ಯೂಮಾಕ್ಕೆ, ಏಪ್ರಿಲ್‌ನಲ್ಲಿ ವಾಪಸ್. ಇಲ್ಲಿ ನಮ್ಮಂಥವರನ್ನು ಸ್ನೋಬರ್ಡ್ ಅಂತಾರೆ. ರಂಗನತಿಟ್ಟಿಗೆ ಬರುವ ಹಕ್ಕಿಗಳ ಹಾಗೆ ಅಂತ ಮೈಸೂರಿನ ಅಕ್ಕನಿಗೆ ಹೇಳಿದ್ದೆ. "ಅವು ಗೂಡು ಹೊತ್ಕೊಂಡು ಬರಲ್ಲ ಕಣೇ" ಅಂದಳು. ನಿಜವೇ. ಗೂಡು ಹೊತ್ತುಕೊಂಡು ಹೋಗುವುದೇ ಇಲ್ಲಿ ಕಷ್ಟದ ಭಾಗ.

ಈಚೆಗೆ ನಿವೃತ್ತರಾದ ಕನ್ನಡದವರು ಒಬ್ಬೊಬ್ಬರಾಗಿ ಆರ್‌ವಿ ಕೊಳ್ಳುತ್ತಿದ್ದಾರೆ. ಬರುವಾಗ ಹೇಗೋ ಬಂದುಬಿಡುತ್ತಾರೆ. ಹೊರಡುವಾಗ ಎಡವುತ್ತಾರೆ. ನಾವೂ ಎಡವಿದ್ದೇವೆ, ಅದನ್ನು ಮುಂದೆ ಹೇಳುತ್ತೇನೆ. ನಮ್ಮದು ಫಿಫ್ತ್ ವೀಲ್. ಅಂದರೆ ಪಿಕಪ್ ಟ್ರಕ್ಕಿನ ಹಿಂದಿನ ಡಬ್ಬಿಯಲ್ಲೇ ಕೊಂಡಿ ಕೂರಿಸಿ ಎಳೆಯುವ ದೊಡ್ಡ ಟ್ರೈಲರ್. ನಿಮ್ಮದು ಎಂಜಿನ್ ತನ್ನಲ್ಲೇ ಇರುವ ಮೋಟರ್‌ಹೋಮ್ ಆದರೆ ಕೊಂಡಿಯ ಭಾಗ ಬಿಟ್ಟು ಉಳಿದದ್ದು ಹೆಚ್ಚುಕಮ್ಮಿ ಒಂದೇ.

ಯಾವ ದಿನ ಹೊರಡಬೇಕು

ಇಲ್ಲಿ ಬೇಗ ಹೊರಟರೆ ಅಲ್ಲಿ ಚಳಿ, ಅಲ್ಲಿ ಬೆಚ್ಚಗಾಗಲಿ ಅಂತ ಕಾದರೆ ಇಲ್ಲಿ ಬೆಂಕಿ. ಯೂಮಾ ಅಮೆರಿಕದಲ್ಲೇ ಅತಿ ಹೆಚ್ಚು ಬಿಸಿಲು ಬೀಳುವ ಊರು. ಜೂನ್, ಜುಲೈನಲ್ಲಿ 43 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲಿ. ತಗಡಿನ ಗೋಡೆಯ ಮನೆಯಲ್ಲಿ ಅದನ್ನು ತಡೆದುಕೊಳ್ಳಲು ಆಗಲ್ಲ. ಆದರೆ ಏಪ್ರಿಲ್ ಮೊದಲ ವಾರದಲ್ಲಿ ಮಿಷಿಗನ್‌ನ ರಾತ್ರಿ ಇನ್ನೂ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಉತ್ತರದ ಎಷ್ಟೋ ಕ್ಯಾಂಪ್‌ಗ್ರೌಂಡುಗಳಲ್ಲಿ ಆಗ ನಲ್ಲಿ ನೀರು ಬಿಟ್ಟಿರುವುದೇ ಇಲ್ಲ, ಪೈಪು ಒಡೆಯುತ್ತದೆ ಅಂತ.

ನಮ್ಮನೆಯವರು ಒಂದು ಲೆಕ್ಕ ಇಟ್ಟುಕೊಂಡಿದ್ದರು: ಯುಗಾದಿ ಇಲ್ಲಿ, ರಾಮನವಮಿ ಅಲ್ಲಿ. ದಾರಿಗೆ ಎಂಟು ದಿನ. 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ ಬಂದಿತ್ತು, ಲೆಕ್ಕ ಸರಿಹೋಯಿತು. 2026ರಲ್ಲಿ ಯುಗಾದಿ ಮಾರ್ಚ್ 19ಕ್ಕೇ ಇದ್ದದ್ದರಿಂದ ಆ ಲೆಕ್ಕವನ್ನು ಕೈಬಿಡಬೇಕಾಯಿತು. ಈಗ ಏಪ್ರಿಲ್ ಎರಡನೇ ವಾರ ಅಂತ ಇಟ್ಟುಕೊಂಡಿದ್ದೇವೆ. ಕ್ವಾರ್ಟ್‌ಸೈಟ್ ಹತ್ತಿರ ಸರ್ಕಾರಿ ಮರುಭೂಮಿ ಜಾಗದಲ್ಲಿ ದೀರ್ಘಾವಧಿ ಪರ್ಮಿಟ್ ತಗೊಂಡು ನಿಲ್ಲುವವರಿಗೆ ಈ ಯೋಚನೆ ಇಲ್ಲ, ಅಲ್ಲಿ ಸೀಸನ್ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರ ತನಕ.

ಅಂದಹಾಗೆ ಹೊರಡುವವರು ನಾವು ಮಾತ್ರ ಅಲ್ಲ. ಚಳಿಗಾಲದಲ್ಲಿ ಇಡೀ ದೇಶಕ್ಕೆ ಲೆಟ್ಯೂಸ್ ಸೊಪ್ಪು ಹೋಗುವುದು ಇಲ್ಲಿಯ ಹೊಲಗಳಿಂದ. ವಸಂತ ಬರುತ್ತಿದ್ದಂತೆ ಆ ಬೆಳೆ ಕ್ಯಾಲಿಫೋರ್ನಿಯಾದ ಸಲೀನಾಸ್ ಕಡೆಗೆ ಸರಿಯುತ್ತದೆ, ಕೊಯ್ಲಿನ ಕೂಲಿಯವರಲ್ಲಿ ಎಷ್ಟೋ ಜನ ಅದರ ಹಿಂದೆಯೇ ಹೊರಡುತ್ತಾರೆ. ಅವರ ಪ್ರಯಾಣದ ಮುಂದೆ ನಮ್ಮದು ಬರೀ ಶೋಕಿ.

ಒಂದು ತಿಂಗಳ ಮುಂಚೆ

ಮೊದಲು ಹಲ್ಲು. ನಗಬೇಡಿ. ಇಲ್ಲಿಂದ ಅರ್ಧ ಗಂಟೆಯೊಳಗೆ ಮೆಕ್ಸಿಕೋದ ಲಾಸ್ ಅಲ್ಗೊಡೋನೆಸ್. ಬೀದಿ ತುಂಬ ದಂತವೈದ್ಯರು, ಕನ್ನಡಕದ ಅಂಗಡಿಗಳು, ಔಷಧ ಅಂಗಡಿಗಳು. ಕಾರನ್ನು ಅಮೆರಿಕದ ಕಡೆಯೇ ನಿಲ್ಲಿಸಿ ನಡೆದು ಗಡಿ ದಾಟುತ್ತಾರೆ. ಆದರೆ ಹಲ್ಲಿಗೆ ಕ್ಯಾಪ್ ಹಾಕಿಸಲು ಎರಡು ಸಲ ಹೋಗಬೇಕಾಗಬಹುದು, ಸರಿಹೋಗದಿದ್ದರೆ ಮೂರನೇ ಸಲ. ಕೊನೆಯ ವಾರದಲ್ಲಿ ಶುರು ಮಾಡಿಕೊಂಡರೆ ತಾತ್ಕಾಲಿಕ ಕ್ಯಾಪ್ ಹಾಕಿಕೊಂಡೇ 2,000 ಮೈಲಿ ಹೋಗಬೇಕಾಗುತ್ತದೆ. ವಾಪಸ್ ಬರುವ ಸಾಲು ಮಧ್ಯಾಹ್ನದ ಮೇಲೆ ಉದ್ದವಾಗುತ್ತದೆ, ಬೆಳಗ್ಗೆಯೇ ಹೋಗಿ ಬನ್ನಿ. ಪಾಸ್‌ಪೋರ್ಟ್ ಮರೆಯಬೇಡಿ, ಗ್ರೀನ್ ಕಾರ್ಡ್ ಇದ್ದವರು ಅದನ್ನೂ. ಹೊರಡುವ ದಿನವೂ ಅವು ಕೈಗೆ ಸಿಗುವ ಹಾಗಿರಲಿ, ಯಾಕೆಂದರೆ ಗಡಿ ಹತ್ತಿರದ ಹೆದ್ದಾರಿಗಳಲ್ಲೂ ಗಡಿ ಕಾಯುವ ಬಾರ್ಡರ್ ಪಟ್ರೋಲ್‌ನವರ ತಪಾಸಣೆ ಇರುತ್ತದೆ.

ಎರಡನೆಯದು ಟೈರು. ಇದಕ್ಕೆ ಸಮಯ ಕೊಡಿ. ಟ್ರೈಲರ್ ಟೈರು ಸವೆದು ಸಾಯುವುದಕ್ಕಿಂತ ಬಿಸಿಲಿಗೆ ನಿಂತು ಸಾಯುವುದೇ ಜಾಸ್ತಿ. ಮೇಲಿನ ಗೆರೆಗಳು ಹೊಸದರ ಹಾಗೇ ಕಾಣುತ್ತವೆ, ಪಕ್ಕದ ಗೋಡೆಯಲ್ಲಿ ಮಾತ್ರ ಕೂದಲೆಳೆಯಂಥ ಬಿರುಕು. ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ಮಾಡಿದ್ದು ಅಂತ ಅರ್ಥ. ಆರು ವರ್ಷ ದಾಟಿದ ಟೈರನ್ನು ನಾನು ನಂಬುವುದಿಲ್ಲ. ಗಾಳಿ ನೋಡುವುದು ಬೆಳಗ್ಗೆ, ಬಿಸಿಲು ಬೀಳುವ ಮುಂಚೆ. ಬಿಸಿಲು ಬಿದ್ದ ಕಡೆಯ ಟೈರು ಕಾದು ಒತ್ತಡ ಹೆಚ್ಚು ತೋರಿಸುತ್ತದೆ, ನೆರಳಿನ ಕಡೆಯದು ಕಮ್ಮಿ. ಅದನ್ನು ನೋಡಿ ಒಂದರಿಂದ ಗಾಳಿ ಬಿಟ್ಟು ಇನ್ನೊಂದಕ್ಕೆ ತುಂಬಿದರೆ ಕೆಟ್ಟಿತು. ಟೈರು ಬದಲಿಸಬೇಕು ಅನ್ನಿಸಿದರೆ ಈಗಲೇ ಹೇಳಿ ಇಡಿ. ಏಪ್ರಿಲ್‌ನಲ್ಲಿ ಊರಿನ ಟೈರು ಅಂಗಡಿಗಳ ಮುಂದೆ ಎಲ್ಲರದೂ ಅದೇ ಸಾಲು.

ಉಳಿದದ್ದು ಬೇಗ ಮುಗಿಯುತ್ತದೆ. ಅಂಚೆಯವರಿಗೆ ವಿಳಾಸ ಬದಲಾವಣೆ ಮುಗಿಯುವ ತಾರೀಕು ಹೇಳಿ. ಬಿಪಿ, ಶುಗರ್ ಮಾತ್ರೆ ಮೂರು ತಿಂಗಳಿಗಾಗುವಷ್ಟು ತುಂಬಿಸಿಕೊಳ್ಳಿ. ಹಿರಿಯರ ಸರ್ಕಾರಿ ಆರೋಗ್ಯ ವಿಮೆ, ಅಂದರೆ ಮೂಲ ಮೆಡಿಕೇರ್ ಇದ್ದರೆ ದೇಶದ ಯಾವ ಮೂಲೆಯಲ್ಲಾದರೂ ಅದನ್ನು ಒಪ್ಪುವ ಡಾಕ್ಟರ್ ಹತ್ತಿರ ಹೋಗಬಹುದು. ಅದರ ಬದಲು ಖಾಸಗಿ ಕಂಪನಿಯ ಮೆಡಿಕೇರ್ ಅಡ್ವಾಂಟೇಜ್ ಪ್ಲಾನ್ ಇದ್ದರೆ ತುರ್ತು ಚಿಕಿತ್ಸೆ ಬಿಟ್ಟು ಉಳಿದದ್ದಕ್ಕೆ ಅವರ ಪಟ್ಟಿಯೊಳಗಿನವರೇ ಆಗಬೇಕಾಗಬಹುದು, ದಾರಿಗೆ ಬೀಳುವ ಮುಂಚೆ ಕೇಳಿಕೊಳ್ಳಿ. ಮುಂದಿನ ಚಳಿಗಾಲಕ್ಕೆ ಇದೇ ಜಾಗ ಬೇಕಿದ್ದರೆ ಮುಂಗಡ ಕೊಟ್ಟು ರಸೀದಿ ಇಸ್ಕೊಳ್ಳಿ. ಬಾಯಿಮಾತಿನಲ್ಲಿ ಬಿಟ್ಟು ಒಂದು ವರ್ಷ ನಾವು ಕಸದ ಡಬ್ಬಿಯ ಪಕ್ಕ ಕಳೆದಿದ್ದೇವೆ.

ಒಂದು ವಾರ ಮುಂಚೆ: ತೂಕ, ಇಲಿ, ಕರಿಬೇವು

ಐದು ತಿಂಗಳಲ್ಲಿ ಸಾಮಾನು ತಾನಾಗಿ ಹುಟ್ಟುತ್ತದೆ. ಸಂತೆಯಲ್ಲಿ ಕೊಂಡ ಕುರ್ಚಿ, ಮರುಭೂಮಿಯಲ್ಲಿ ಆರಿಸಿದ ಕಲ್ಲು, ಮೊಮ್ಮಕ್ಕಳಿಗೆ ಅಂತ ಎರಡು ಡಬ್ಬ ಮೆಡ್ಜೂಲ್ ಖರ್ಜೂರ. ಟ್ರೈಲರ್ ಗೋಡೆಯ ಮೇಲೆ ಎಷ್ಟು ಭಾರ ಹೊರಬಹುದು ಅನ್ನುವ ಚೀಟಿ ಅಂಟಿಸಿರುತ್ತಾರೆ. ಅದನ್ನು ಓದಿಕೊಂಡು, ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪ್‌ನಲ್ಲಿ ಕ್ಯಾಟ್ ಸ್ಕೇಲ್ ಅನ್ನುವ ತೂಕದ ಕಟ್ಟೆ ಮೇಲೆ ಒಮ್ಮೆ ನಿಲ್ಲಿಸಿ. ಕೆಲವು ಡಾಲರ್ ಖರ್ಚು, ಅಷ್ಟೇ. ಕುಡಿಯುವ ನೀರಿನ ಟ್ಯಾಂಕ್ ತುಂಬಿಸಿಕೊಂಡು ಹೋಗಬೇಡಿ. ಲೀಟರಿಗೆ ಒಂದು ಕಿಲೋ, ಇನ್ನೂರು ಲೀಟರ್ ಅಂದರೆ ಮೂರು ಜನ ಹೆಚ್ಚಿಗೆ ಹತ್ತಿ ಕೂತ ಹಾಗೆ. ದಾರಿಗೆ ಕಾಲು ಟ್ಯಾಂಕ್ ಸಾಕು. ನಮ್ಮನೆಯವರಿಗೆ ಪ್ರತಿ ವರ್ಷವೂ ಕಣ್ಣಿಗೆ ಬೀಳುವುದು ನನ್ನ ವೆಟ್ ಗ್ರೈಂಡರ್. "ಈ ಕಲ್ಲನ್ನ ಯಾಕೆ ಹೊರಬೇಕು?" ಅಂತಾರೆ. ಅವರ ಮೂರು ಪೆಟ್ಟಿಗೆ ಸ್ಪ್ಯಾನರ್ ತೂಗಿಸೋಣ ಅಂದರೆ ಸುಮ್ಮನಾಗುತ್ತಾರೆ.

ಇಲಿ ಅಂದೆ. ಇಲ್ಲಿಯ ಮರುಭೂಮಿಯಲ್ಲಿ ಪ್ಯಾಕ್ ರ್‍ಯಾಟ್ ಅಂತ ಒಂದು ಜಾತಿ. ಕಳ್ಳಿ ಮುಳ್ಳು, ಕಡ್ಡಿ, ಹೊಳೆಯುವ ತಗಡು ಎಲ್ಲ ತಂದು ಗೂಡು ಕಟ್ಟುತ್ತದೆ. ಎಂಜಿನ್ ಅದಕ್ಕೆ ಇಷ್ಟವಾದ ಜಾಗ. ವೈರಿನ ಮೇಲಿನ ಪ್ಲಾಸ್ಟಿಕ್ ಕಡಿಯುತ್ತದೆ. ಹೊರಡುವ ವಾರ ಟ್ರಕ್ಕಿನ ಬಾನೆಟ್ ಎತ್ತಿ ಟಾರ್ಚ್ ಹಾಕಿ ನೋಡಿ, ಟ್ರೈಲರ್ ಕೆಳಗೂ ಬಗ್ಗಿ ನೋಡಿ. ಒಂದು ಮುಳ್ಳು ಕಂಡರೂ ಪೂರ್ತಿ ಹುಡುಕಿ. ಬಾನೆಟ್ಟನ್ನು ರಾತ್ರಿ ತೆರೆದೇ ಇಡುವವರೂ ಇದ್ದಾರೆ, ಕತ್ತಲೆ ಸಿಗದಿದ್ದರೆ ಇಲಿ ಬರಲ್ಲ ಅಂತ.

ಫ್ರಿಜ್ ಖಾಲಿ ಮಾಡುವುದು ಹದಿನೈದು ದಿನದ ಕೆಲಸ. ಆಗ ನಮ್ಮ ಮನೆಯಲ್ಲಿ ದಿನಾ ವಿಚಿತ್ರ ಸಾರು. ಆದರೆ ಕನ್ನಡದವರಿಗೆ ಮುಖ್ಯವಾಗಿ ಹೇಳಬೇಕಾದದ್ದು ಕರಿಬೇವಿನ ವಿಷಯ. ಯೂಮಾದ ಬಿಸಿಲಿಗೆ ಕುಂಡದಲ್ಲಿ ಕರಿಬೇವು ಎಷ್ಟು ಚೆನ್ನಾಗಿ ಬರುತ್ತದೆ ಅಂದರೆ ಬಿಟ್ಟು ಹೋಗಲು ಮನಸ್ಸೇ ಬರಲ್ಲ. ಆದರೂ ಬಿಡಲೇಬೇಕು. ಕರಿಬೇವು ನಿಂಬೆ ಕುಟುಂಬದ ಗಿಡ. ಕಿತ್ತಳೆ ತೋಟಗಳನ್ನು ಹಾಳು ಮಾಡುವ ಗ್ರೀನಿಂಗ್ ರೋಗವನ್ನು ಹರಡುವ ಪುಟ್ಟ ಕೀಟ, ಏಷ್ಯನ್ ಸಿಟ್ರಸ್ ಸಿಲಿಡ್, ಇದರ ಮೇಲೂ ಕೂರುತ್ತದೆ. ಹಾಗಾಗಿ ಕೀಟ ಇರುವ ಪ್ರದೇಶದಿಂದ ಗಿಡ ಸಾಗಿಸಲು ನಿರ್ಬಂಧ ಇದೆ, ಹಸಿ ಎಲೆಗೂ ಷರತ್ತುಗಳಿವೆ. ಕ್ಯಾಲಿಫೋರ್ನಿಯಾ ಕಡೆ ಹೋಗುವವರನ್ನಂತೂ ರಾಜ್ಯದ ಗಡಿಯಲ್ಲೇ ನಿಲ್ಲಿಸಿ ಗಿಡ, ಹಣ್ಣು ಏನಿದೆ ಅಂತ ಕೇಳುತ್ತಾರೆ. ನಾನು ಹೊರಡುವ ವಾರ ಎಲೆ ಎಲ್ಲ ಬಿಡಿಸಿ, ಬಾಣಲೆಯಲ್ಲಿ ಗರಿಗರಿ ಹುರಿದು, ಉದ್ದು, ಒಣಮೆಣಸಿನಕಾಯಿ, ಹುಣಸೆ ಸೇರಿಸಿ ಚಟ್ನಿಪುಡಿ ಮಾಡಿಬಿಡುತ್ತೇನೆ. ಬೋಳು ಗಿಡ ವರ್ಷಪೂರ್ತಿ ಇಲ್ಲೇ ಇರುವ ಪಕ್ಕದ ಮನೆಯಾಕೆಗೆ. ಅವರು ಅದನ್ನು ಅಡುಗೆಗೆ ಹಾಕಲ್ಲ, ಸುಮ್ನೆ ನೀರು ಹಾಕುತ್ತಾರೆ. ಅಕ್ಟೋಬರ್‌ನಲ್ಲಿ ಬಂದಾಗ ಅದು ನನಗಿಂತ ಎತ್ತರ.

ಹಿಂದಿನ ದಿನ

ಎಲ್ಲರೂ ಮೂಗು ಮುಚ್ಚಿಕೊಳ್ಳುವ ಕೆಲಸ. ಆರ್‌ವಿಯಲ್ಲಿ ಬಚ್ಚಲು, ಪಾತ್ರೆ ತೊಳೆದ ನೀರು ಹೋಗುವುದು ಗ್ರೇ ಟ್ಯಾಂಕಿಗೆ, ಕಕ್ಕಸಿನದು ಬ್ಲ್ಯಾಕ್ ಟ್ಯಾಂಕಿಗೆ. ಹೊಸಬರು ಚರಂಡಿ ಪೈಪು ಜೋಡಿಸಿದ್ದೇವಲ್ಲ ಅಂತ ಬ್ಲ್ಯಾಕ್ ಟ್ಯಾಂಕಿನ ವಾಲ್ವ್ ಸದಾ ತೆರೆದೇ ಇಡುತ್ತಾರೆ. ನೀರೆಲ್ಲ ಹರಿದುಹೋಗಿ ಗಟ್ಟಿ ಒಳಗೇ ಗುಡ್ಡೆಯಾಗಿ ಒಣಗುತ್ತದೆ. ಆಮೇಲೆ ಅದನ್ನು ತೆಗೆಸುವ ಖರ್ಚು, ನಾಚಿಕೆ ಎರಡೂ ನಿಮ್ಮದೇ. ಮುಚ್ಚಿಯೇ ಇಡಿ, ಮುಕ್ಕಾಲು ತುಂಬಿದಾಗ ಒಮ್ಮೆಗೇ ಬಿಡಿ.

ಹೊರಡುವ ಎರಡು ಮೂರು ದಿನ ಮುಂಚೆ ಗ್ರೇ ವಾಲ್ವನ್ನೂ ಮುಚ್ಚಿ. ಹಿಂದಿನ ಸಂಜೆ ಕೈಗವಸು ಹಾಕಿಕೊಂಡು ಮೊದಲು ಬ್ಲ್ಯಾಕ್ ಬಿಡಿ, ಅದಕ್ಕೆ ಮತ್ತೆ ನೀರು ತುಂಬಿ ಇನ್ನೊಮ್ಮೆ ಬಿಡಿ, ಆಮೇಲೆ ಗ್ರೇ. ಸೋಪಿನ ನೀರು ಹಿಂದಿನಿಂದ ಹೋಗಿ ಪೈಪನ್ನು ತಕ್ಕಮಟ್ಟಿಗೆ ತೊಳೆಯುತ್ತದೆ. ಕೊನೆಗೆ ಕಕ್ಕಸಿನ ಟ್ಯಾಂಕಿಗೆ ಎರಡು ಬಕೆಟ್ ನೀರು ಹಾಕಿ ಹಾಗೇ ಬಿಡಿ, ದಾರಿಯ ಕುಲುಕಾಟಕ್ಕೆ ಉಳಿದದ್ದು ಬಿಡುತ್ತದೆ. ಈ ಪೈಪನ್ನೂ ಕುಡಿಯುವ ನೀರಿನ ಪೈಪನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡುವವರನ್ನು ನೋಡಿದ್ದೇನೆ. ಅವರ ಮನೆಯಲ್ಲಿ ಕಾಫಿ ಕುಡಿಯುವುದಿಲ್ಲ.

ಹೊರಗಿನ ಚಾಪೆ, ಕುರ್ಚಿ, ಒಲೆ ಎಲ್ಲ ಸಂಜೆಯೇ ಒಳಗೆ. ಬಿಸಿಲಿಗೆ ಚಾಚಿದ ಬಟ್ಟೆಯ ಚಪ್ಪರ, ಆನಿಂಗ್, ಒರೆಸಿ, ಒಣಗಿಸಿ ಸುತ್ತಿ. ಸ್ಲೈಡ್‌ಗಳ ನೆತ್ತಿ ಮೇಲೆ ಏಣಿ ಹಾಕಿ ಗುಡಿಸಿ, ಒಂದು ಕಡ್ಡಿ ಸಿಕ್ಕಿಕೊಂಡರೂ ರಬ್ಬರ್ ಹರಿಯುತ್ತದೆ. ಕರೆಂಟ್ ಮೀಟರ್ ಓದಿ ಫೋಟೋ ತೆಗೆದಿಟ್ಟುಕೊಂಡು ಆಫೀಸಿನ ಲೆಕ್ಕ ಚುಕ್ತಾ ಮಾಡಿ.

ಮತ್ತೆ, ವಿದಾಯಗಳನ್ನೆಲ್ಲ ಈ ಸಂಜೆಯೇ ಮುಗಿಸಿಬಿಡಿ. ಅಪ್ಪುಗೆ, ಫೋಟೋ, "ಮುಂದಿನ ವರ್ಷ ಸಿಗೋಣ", ಕಣ್ಣೀರು, ಎಲ್ಲ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಎರಡನೇ ಚಳಿಗಾಲ. ಹೊರಡುವ ಬೆಳಗ್ಗೆ ಇವರು ಟ್ರಕ್ಕನ್ನು ಹಿಂದಕ್ಕೆ ತಂದರು, ಕೊಂಡಿ ಟಕ್ ಅಂತು. ಇಳಿದು ಬಂದು ಕೊಂಡಿಯ ಹಿಡಿಕೆ ಪೂರ್ತಿ ಹೋಗಿದೆಯಾ ನೋಡಿ ಲಾಕ್ ಪಿನ್ ಹಾಕಬೇಕು. ಅಷ್ಟರಲ್ಲಿ ಎದುರು ಸಾಲಿನ ಕೆನಡಾದ ದಂಪತಿ ಬಾಳೆಹಣ್ಣಿನ ಬ್ರೆಡ್ ಹಿಡಿದುಕೊಂಡು ಬಂದರು. ಪಾಪ, ಬೆಳಗ್ಗೆ ಐದಕ್ಕೆ ಎದ್ದು ಮಾಡಿದ್ದು, ಇನ್ನೂ ಬಿಸಿ ಇತ್ತು. ಹತ್ತು ನಿಮಿಷ ಮಾತು. ಮತ್ತೆ ಬಂದು ನಾನು ಲೈಟಿನ ಪ್ಲಗ್ ಚುಚ್ಚಿದೆ, ಟ್ರೈಲರ್‌ನ ಮುಂಗಾಲು ಎತ್ತಿದೆ. ಇವರು ಗಾಡಿ ಮುಂದೆ ತೆಗೆದರು. ಒಂದು ಸಲ ಕರಕರ ಅಂತು, ಆಮೇಲೆ ಧಡ್! ಅರ್ಧಂಬರ್ಧ ಕೂತಿದ್ದ ಕಿಂಗ್ ಪಿನ್ (ಟ್ರೈಲರ್ ಮೂಗಿನ ಕೆಳಗಿನ, ಕೊಂಡಿಯೊಳಗೆ ಕೂರುವ ಉಕ್ಕಿನ ಗೂಟ) ಜಾರಿ ಹೊರಬಂದು ಟ್ರೈಲರ್‌ನ ಮೂಗು ಟ್ರಕ್ಕಿನ ಎರಡೂ ಪಕ್ಕದ ತಗಡಿನ ಮೇಲೆ ಕೂತಿತ್ತು. ಹಪ್ಪಳದ ಹಾಗೆ ಮಡಚಿಕೊಂಡಿತ್ತು ತಗಡು. ಇವರು ಕೇಳಿದ್ದು ಒಂದೇ ಮಾತು, "ಪಿನ್ ಹಾಕ್ಲಿಲ್ವಾ?" ನಾನೂ ಅದನ್ನೇ ಕೇಳಬೇಕು ಅಂತಿದ್ದೆ. ಬ್ರೆಡ್ ತಟ್ಟೆ ಇನ್ನೂ ನನ್ನ ಕೈಯಲ್ಲೇ ಇತ್ತು.

ಹೊರಡುವ ಬೆಳಗ್ಗೆ

ಅವತ್ತಿಂದ ನಮ್ಮಲ್ಲಿ ಒಂದು ಕಾಗದ ಇದೆ. ಒಬ್ಬರು ಓದುವುದು, ಇನ್ನೊಬ್ಬರು ಮಾಡಿ "ಆಯ್ತು" ಅನ್ನುವುದು. ಯಾರಾದರೂ ಮಾತಾಡಿಸಿದರೆ ಕೈ ಮುಗಿದು "ಐದು ನಿಮಿಷ" ಅಂತೇವೆ. ಮಾತಿಗೆ ನಿಂತೆವೋ, ಕಾಗದವನ್ನು ಮೊದಲಿಂದ ಓದಬೇಕು. ಕ್ರಮ ಹೀಗಿದೆ.

ಕಾಫಿ ಆದ ಮೇಲೆ ಒಳಗಿನ ಕೆಲಸ. ಗೀಸರ್ ಆಫ್. ನೀರಿಲ್ಲದೆ ಅದರ ಕಾಯಿಲ್ ಕಾದರೆ ಸುಟ್ಟೇ ಹೋಗುತ್ತದೆ. ಬೀರು ಬಾಗಿಲು ಎಲ್ಲ ಚಿಲಕ, ಫ್ರಿಜ್ ಬಾಗಿಲಿಗೂ. ಪ್ರೊಪೇನ್ ಸಿಲಿಂಡರ್ ಮುಚ್ಚಿ, ಗ್ಯಾಸಿನಲ್ಲಿ ನಡೆಯುವ ಫ್ರಿಜ್ ನಿಂತರೂ ಚಿಂತೆಯಿಲ್ಲ. ಹಿಂದಿನ ರಾತ್ರಿ ಚೆನ್ನಾಗಿ ತಣ್ಣಗಾದ ಫ್ರಿಜ್ ಬಾಗಿಲು ತೆಗೆಯದೇ ಇದ್ದರೆ ನಾಲ್ಕೈದು ಗಂಟೆ ಮೊಸರು ಹುಳಿಯಾಗಲ್ಲ. ಕರೆಂಟ್ ಇರುವಾಗಲೇ ಸ್ಲೈಡ್ ಒಳಗೆ ತನ್ನಿ, ಒಬ್ಬರು ಒಳಗೆ, ಒಬ್ಬರು ಹೊರಗೆ ನಿಂತು ನೋಡಿಕೊಂಡು. ಆಮೇಲೆ ನಲ್ಲಿ ಬಂದ್, ನೀರಿನ ಪೈಪು ಬಿಚ್ಚಿ. ಪೈಪಿನ ತುದಿಯ ಒತ್ತಡ ತಗ್ಗಿಸುವ ಹಿತ್ತಾಳೆ ತುಂಡನ್ನು ಎಷ್ಟೋ ಜನ ನಲ್ಲಿಯಲ್ಲೇ ಮರೆತು ಹೋಗುತ್ತಾರೆ. ಕರೆಂಟಿಗೆ ಮೊದಲು ಕಂಬದ ಬ್ರೇಕರ್ ಆಫ್ ಮಾಡಿ, ಆಮೇಲೆ ಪ್ಲಗ್ ಕೀಳಿ. ಉಲ್ಟಾ ಮಾಡಬೇಡಿ, ಕಿಡಿ ಹಾರುತ್ತದೆ.

ಈಗ ಕೊಂಡಿ. ಚಕ್ರಕ್ಕೆ ಕೊಟ್ಟ ಅಡ್ಡಗಟ್ಟೆಗಳು ಹಾಗೇ ಇರಲಿ. ಟ್ರಕ್ಕಿನ ಹಿಂಬಾಗಿಲು ಇಳಿಸಿ ಹಿಂದಕ್ಕೆ ತನ್ನಿ. ಟಕ್ ಅನ್ನುವ ಶಬ್ದವನ್ನು ನಂಬಬೇಡಿ. ಟಾರ್ಚ್ ಹಾಕಿ ಕೊಂಡಿಯ ದವಡೆ ಕಿಂಗ್ ಪಿನ್ನನ್ನು ಸುತ್ತ ಹಿಡಿದಿದೆಯಾ ಕಣ್ಣಾರೆ ನೋಡಿ, ಲಾಕ್ ಹಾಕಿ, ಪ್ಲಗ್ ಚುಚ್ಚಿ, ಟ್ರೈಲರ್ ಕಳಚಿಕೊಂಡರೆ ಅದರ ಬ್ರೇಕ್ ಹಾಕುವ ಬ್ರೇಕ್‌ಅವೇ ತಂತಿ ಸಿಕ್ಕಿಸಿ, ಹಿಂಬಾಗಿಲು ಮುಚ್ಚಿ. ಟ್ರೈಲರ್‌ನ ಮುಂಗಾಲು ನೆಲದಿಂದ ಒಂದು ಬೆರಳು ಮಾತ್ರ ಎತ್ತಿ, ಟ್ರೈಲರ್ ಬ್ರೇಕನ್ನು ಕೈಯಲ್ಲಿ ಒತ್ತಿ ಹಿಡಿದು, ಟ್ರಕ್ಕನ್ನು ಮೆಲ್ಲಗೆ ಮುಂದೆ ಎಳೆಯಿರಿ. ಕೊಂಡಿ ಕೂತಿದ್ದರೆ ಇಡೀ ಗಾಡಿ ಒಮ್ಮೆ ತಡೆದು ನಿಲ್ಲುತ್ತದೆ. ಕೂರದಿದ್ದರೆ ಟ್ರಕ್ ಒಂದೇ ಹೋಗುತ್ತದೆ, ಮೂಗು ಬೀಳುವುದು ಒಂದು ಬೆರಳಷ್ಟೇ. ಅರ್ಧ ನಿಮಿಷದ ಈ ಪರೀಕ್ಷೆ ಮಾಡಿದ್ದರೆ ಬ್ರೆಡ್ಡಿನ ದಿನ ನಮಗೆ ಸಾವಿರಾರು ಡಾಲರ್ ಉಳಿಯುತ್ತಿತ್ತು. ಆಮೇಲೆ ಕಾಲು ಪೂರ್ತಿ ಎತ್ತಿ, ಅಡ್ಡಗಟ್ಟೆ ತೆಗೆದು, ಇಂಡಿಕೇಟರ್, ಬ್ರೇಕ್ ಲೈಟ್ ಒಬ್ಬರು ಹಿಂದೆ ನಿಂತು ನೋಡಿ. ಮೆಟ್ಟಿಲು ಒಳಗೆ, ಆಂಟೆನಾ ಕೆಳಗೆ. ಇಪ್ಪತ್ತು ಅಡಿ ಮುಂದೆ ಹೋಗಿ ನಿಲ್ಲಿಸಿ, ಇಳಿದು ಖಾಲಿ ಜಾಗವನ್ನು ಒಮ್ಮೆ ನೋಡಿ. ನನ್ನ ತುಳಸಿ ಕುಂಡ ಎರಡು ಸಲ ಅಲ್ಲೇ ಉಳಿದಿತ್ತು.

ದಾರಿ

ಮೊದಲ ನಿಲುಗಡೆ ಒಂದು ಗಂಟೆಯಲ್ಲಿ. ನಾವು ಐ-8 ಹೆದ್ದಾರಿಯಲ್ಲಿ ಪೂರ್ವಕ್ಕೆ ಹೋಗಿ ಡೇಟ್‌ಲ್ಯಾಂಡ್‌ನಲ್ಲಿ ನಿಲ್ಲುತ್ತೇವೆ. ಅಲ್ಲಿ ಖರ್ಜೂರದ ಮಿಲ್ಕ್‌ಶೇಕ್ ಸಿಗುತ್ತದೆ. ಶುಗರ್ ಇರುವವರು ಒಂದನ್ನು ಇಬ್ಬರು ಹಂಚಿಕೊಳ್ಳಿ. ಅದಕ್ಕೂ ಮುಂಚೆ ಪ್ರತಿ ಚಕ್ರದ ಮಧ್ಯಭಾಗದ ಹತ್ತಿರ ಅಂಗೈ ಒಡ್ಡಿ ನೋಡಿ. ಎಲ್ಲವೂ ಒಂದೇ ಥರ ಬೆಚ್ಚಗಿರಬೇಕು, ಒಂದು ಮಾತ್ರ ಸುಡುತ್ತಿದ್ದರೆ ಬೇರಿಂಗ್ ಅಥವಾ ಬ್ರೇಕ್ ಕೈಕೊಡುತ್ತಿದೆ ಅಂತ.

ಮ್ಯಾಪಿನ ಆ್ಯಪ್ ನಿಮ್ಮನ್ನು ಫ್ಲ್ಯಾಗ್‌ಸ್ಟಾಫ್ ಮೇಲೆ ಕಳಿಸಲು ನೋಡಬಹುದು. ಅದು 7,000 ಅಡಿ ಎತ್ತರದ ಊರು, ಏಪ್ರಿಲ್‌ನಲ್ಲೂ ಹಿಮ ಬೀಳುತ್ತದೆ. ನಾವು ದಕ್ಷಿಣದ ದಾರಿ ಹಿಡಿಯುತ್ತೇವೆ: ಟೂಸಾನ್, ಲಾಸ್ ಕ್ರೂಸಸ್, ವೈಟ್ ಸ್ಯಾಂಡ್ಸ್ ಪಕ್ಕದಲ್ಲಿ ಅಲಮಗೋರ್ಡೊ, ಅಲ್ಲಿಂದ ಯುಎಸ್ 54ರಲ್ಲಿ ಟುಕಮ್‌ಕರಿ, ಆಮೇಲೆ ಐ-40, ಐ-44. ದಿನಕ್ಕೆ 300 ಮೈಲಿ ಮೀರಬಾರದು, ಮಧ್ಯಾಹ್ನ ಮೂರರೊಳಗೆ ನಿಲ್ಲಬೇಕು ಅಂತ ಆರ್‌ವಿಯವರಲ್ಲಿ ಒಂದು ಮಾತಿದೆ. ಎಪ್ಪತ್ತರ ಹತ್ತಿರ ಇರುವ ನಮಗೆ 250 ಸಾಕು.

ಈ ಹಾದಿಯ ಶತ್ರು ಗಾಳಿ. ನ್ಯೂ ಮೆಕ್ಸಿಕೋದ ಲಾರ್ಡ್ಸ್‌ಬರ್ಗ್ ಹತ್ತಿರ ಒಣಗಿದ ಕೆರೆಯಂಗಳದಿಂದ ಧೂಳು ಎದ್ದರೆ ಮುಂದಿನ ಗಾಡಿಯೇ ಕಾಣಲ್ಲ. ಸಿಕ್ಕಿಕೊಂಡರೆ ರಸ್ತೆಯಿಂದ ಪೂರ್ತಿ ಕೆಳಗಿಳಿದು ನಿಲ್ಲಿಸಿ, ಎಲ್ಲ ಲೈಟು ಆರಿಸಿ, ಬ್ರೇಕಿನಿಂದಲೂ ಕಾಲು ತೆಗೆಯಿರಿ. ಲೈಟು ಹಾಕಿಟ್ಟರೆ ಹಿಂದಿನವನು ಅದನ್ನೇ ರಸ್ತೆ ಅಂದುಕೊಂಡು ಬಂದು ಗುದ್ದುತ್ತಾನೆ. ಜೋರು ಗಾಳಿಯ ಮುನ್ಸೂಚನೆ ಇದ್ದ ದಿನ ನಾವು ಹೊರಡುವುದೇ ಇಲ್ಲ. ಒಂದು ರಾತ್ರಿಯ ಬಾಡಿಗೆ ಹೋಗಲಿ ಬಿಡಿ.

ಒಕ್ಲಹೋಮಾದಲ್ಲಿ ಏಪ್ರಿಲ್ ಅಂದರೆ ಸುಂಟರಗಾಳಿಯ ಕಾಲ. ಕ್ಯಾಂಪಿಗೆ ಹೋದ ತಕ್ಷಣ ಎರಡು ಪ್ರಶ್ನೆ ಕೇಳಿ: ಇದು ಯಾವ ಕೌಂಟಿ (ನಮ್ಮ ಜಿಲ್ಲೆಯ ಹಾಗೆ), ಇಲ್ಲಿ ಶೆಲ್ಟರ್ ಎಲ್ಲಿದೆ. ಹವಾಮಾನ ರೇಡಿಯೋದಲ್ಲಿ ಎಚ್ಚರಿಕೆ ಕೌಂಟಿ ಹೆಸರಿನಲ್ಲಿ ಬರುತ್ತದೆ. ನಾವಿರುವ ಕೌಂಟಿ ಯಾವುದು ಅಂತ ಗೊತ್ತಿಲ್ಲದೆ ಒಂದು ರಾತ್ರಿ ಮ್ಯಾಪ್ ಹಿಡಿದು ಕೂತಿದ್ದೇವೆ. ಸೈರನ್ ಕೂಗಿದರೆ ಆರ್‌ವಿಯಲ್ಲಿ ಇರಬೇಡಿ. ಸ್ನಾನದ ಕಟ್ಟಡ ಸಿಮೆಂಟಿನದಾದರೆ ಅದೇ ವಾಸಿ. ಪಾಸ್‌ಪೋರ್ಟ್, ಮಾತ್ರೆ, ಚಪ್ಪಲಿ ಅಲ್ಲ ಬೂಟು, ಒಂದು ಚೀಲದಲ್ಲಿ ಬಾಗಿಲ ಹತ್ತಿರ ಇರಲಿ.

ದಾರಿಯಲ್ಲಿ ಅಡುಗೆ ಮಾಡುವ ಉತ್ಸಾಹ ಬೇಡ. ಮೊದಲ ದಿನಕ್ಕೆ ಹುಳಿಯನ್ನ, ಆಮೇಲೆ ಅನ್ನ ಒಂದು ಮಾಡಿಕೊಂಡರೆ ಮೊಸರು, ಚಟ್ನಿಪುಡಿ ಇದ್ದೇ ಇದೆ.

ಊರು ತಲುಪಿದ ಮೇಲೆ ರಾತ್ರಿ ಸೊನ್ನೆಗಿಂತ ಕೆಳಗೆ ಹೋಗುತ್ತದೆ ಅಂದರೆ ಟ್ರೈಲರ್‌ನ ಪೈಪುಗಳಲ್ಲಿ ನೀರು ಬಿಡಬೇಡಿ, ಅವತ್ತೇ ಖಾಲಿ ಮಾಡಿ. ಇನ್ನೊಂದು ಕೆಲಸ ಇದೆ. ಮರೆಯುವ ಮುಂಚೆ, ಈ ಸಲ ಯಾವುದು ಉಪಯೋಗಕ್ಕೆ ಬರಲಿಲ್ಲ, ಯಾವುದು ಇಲ್ಲದೆ ಒದ್ದಾಡಿದೆವು ಅಂತ ಒಂದು ಚೀಟಿ ಬರೆದು ಅಡುಗೆ ಬೀರುವಿನ ಒಳಬಾಗಿಲಿಗೆ ಅಂಟಿಸಿ. ಅಕ್ಟೋಬರ್‌ನಲ್ಲಿ ಸಾಮಾನು ತುಂಬುವಾಗ ಬೇಕಾಗುತ್ತದೆ. ನಮ್ಮ ಚೀಟಿಯ ಮೊದಲ ಸಾಲು ಇವರ ಅಕ್ಷರದಲ್ಲಿದೆ, "ಗ್ರೈಂಡರ್ ಬೇಡ." ಅದರ ಕೆಳಗೆ ನನ್ನ ಅಕ್ಷರ, "ಹಾಗಾದ್ರೆ ದೋಸೆನೂ ಬೇಡ." ಅದಕ್ಕೆ ಅವರು ಇನ್ನೂ ಉತ್ತರ ಬರೆದಿಲ್ಲ.